ಒಂದು ಗಡ್ಬಡ್, ಎರಡು ಚಮಚ

ಏಪ್ರಿಲ್ ತಿಂಗಳ ಮಂಗಳೂರಿನಲ್ಲಿ ಮಧ್ಯಾಹ್ನ ಮೂರು ಗಂಟೆಗೆ ಬೀದಿಗಿಳಿದರೆ ಬಿಸಿನೀರಿನಲ್ಲಿ ಅದ್ದಿದ ಬೈರಾಸನ್ನು ಯಾರೋ ಮುಖಕ್ಕೆ ಹೊದಿಸಿದಂತಾಗುತ್ತದೆ. ಬಿಸಿಲನ್ನಾದರೂ ತಡೆಯಬಹುದು, ಬೆವರನ್ನಲ್ಲ. ಅಂಥದೊಂದು ಮಧ್ಯಾಹ್ನ ಐಸ್‌ಕ್ರೀಂ ಪಾರ್ಲರಿನ ಕೌಂಟರಿಗೆ ಅಂಟಿಕೊಂಡ ಟೇಬಲ್ ಹಿಡಿದು ಕೂತಿದ್ದೆ. ಒಳಗಿನ ಹುಡುಗನ ಕೈ ಕಾಣಿಸುತ್ತಿತ್ತು, ಮುಖ ಕಾಣಿಸುತ್ತಿರಲಿಲ್ಲ.

ಉದ್ದನೆಯ ಗಾಜಿನ ಲೋಟ ಬಂತು. ತಳಕ್ಕೆ ಚೌಕ ಚೌಕವಾಗಿ ಕತ್ತರಿಸಿದ ಕೆಂಪು ಜೆಲ್ಲಿ ಬಿತ್ತು. ಮೇಲೊಂದು ಸ್ಕೂಪ್ ಸ್ಟ್ರಾಬೆರಿ. ಅದರ ಮೇಲೆ ಬಾಳೆಹಣ್ಣು, ಪಪ್ಪಾಯಿ, ಸೇಬು, ನಾಲ್ಕೈದು ದಾಳಿಂಬೆ ಕಾಳು. ಇನ್ನೊಂದು ಸ್ಕೂಪ್ ವೆನಿಲಾ. ಆ ಸಂದಿಗೆ ಗೋಡಂಬಿ ಚೂರು, ದ್ರಾಕ್ಷಿ, ಖರ್ಜೂರ. ಮೂರನೆಯ ಸ್ಕೂಪ್ ಲೋಟದ ಕಂಠ ದಾಟಿ ಗೋಪುರದ ಹಾಗೆ ನಿಂತಿತು. ಹುಡುಗ ಅದರ ನೆತ್ತಿಗೊಂದು ಚೆರ್ರಿ ಇಟ್ಟು, ಉದ್ದ ಹಿಡಿಯ ಚಮಚವನ್ನು ಪಕ್ಕದಲ್ಲಿ ಚುಚ್ಚಿ, ತಟ್ಟೆಯ ಮೇಲಿಟ್ಟು ದೂಡಿದ. ಎಲ್ಲ ಸೇರಿ ಒಂದು ನಿಮಿಷವೂ ಹಿಡಿದಿರಲಿಕ್ಕಿಲ್ಲ. ನನ್ನೆದುರು ಕೂತಿದ್ದ ಹಿರಿಯರು ಅದನ್ನು ಮುಗಿಸಲಿಕ್ಕೆ ಇಪ್ಪತ್ತೈದು ನಿಮಿಷ ತೆಗೆದುಕೊಂಡರು.

ಇದರ ಹೆಸರು ಗಡ್ಬಡ್. ಕರಾವಳಿಯ ಹೊರಗಿನವರು ಮೊದಲ ಸಲ ಮೆನುವಿನಲ್ಲಿ ಓದಿದಾಗ ಅಚ್ಚಿನ ತಪ್ಪು ಎಂದುಕೊಳ್ಳುವುದುಂಟು. ಹಿಂದಿಯವರ ಬಾಯಲ್ಲಿ ಗಡ್ಬಡ್ ಎಂದರೆ ಏನೋ ಎಡವಟ್ಟಾಗಿದೆ ಎಂದರ್ಥ. ನಮ್ಮ ಕನ್ನಡದ ಗಡಿಬಿಡಿಯಲ್ಲಿ ಅವಸರವೇ ಮುಂದು, ಎಡವಟ್ಟು ಅದರ ಹಿಂದೆ ಬರುತ್ತದೆ. ಸಿನಿಮಾದವರು ಈ ಮಾತಿನಿಂದ 1993ರಲ್ಲಿ ‘ಗಡಿಬಿಡಿ ಗಂಡ’ನನ್ನು, 1995ರಲ್ಲಿ ‘ಗಡಿಬಿಡಿ ಅಳಿಯ’ನನ್ನು ಮಾಡಿದರು. ಅವರಿಗಿಂತ ಮೊದಲೇ ಉಡುಪಿ–ಮಂಗಳೂರಿನವರು ಅದೇ ಮಾತನ್ನು ಲೋಟಕ್ಕೆ ಹಾಕಿ ತಿಂದಾಗಿತ್ತು.

ಯಾರು ಮೊದಲು ಹಾಕಿದರು ಎಂಬಲ್ಲಿ ಜಗಳ ಶುರು. ಉಡುಪಿಯಲ್ಲಿ ಕೇಳಿದರೆ ಡಯಾನಾ ಹೋಟೆಲಿನ ಹೆಸರು ಹೇಳುತ್ತಾರೆ. ಒಂದು ದಿನ ಗಿರಾಕಿಗಳ ಗುಂಪೊಂದು ಬಂತಂತೆ, ಅವರಿಗೋ ಅವಸರ. ಒಳಗೆ ನೋಡಿದರೆ ಯಾವ ಐಸ್‌ಕ್ರೀಮೂ ಎಲ್ಲರಿಗೂ ಸಾಲುವಷ್ಟು ಉಳಿದಿರಲಿಲ್ಲವಂತೆ. ಇದ್ದಬದ್ದದ್ದನ್ನೆಲ್ಲ ಲೋಟಕ್ಕೆ ತುಂಬಿ, ಮೇಲೆ ಹಣ್ಣು–ಜೆಲ್ಲಿ ಸುರಿದು ಕೊಟ್ಟರಂತೆ. ತಿಂದವರು ಮರುದಿನವೂ ಬಂದು ‘ನಿನ್ನೆ ಗಡ್ಬಡಿನಲ್ಲಿ ಕೊಟ್ಟಿರಲ್ಲ, ಅದೇ ಕೊಡಿ’ ಅಂದರಂತೆ. ಮಂಗಳೂರಿನಲ್ಲಿ ಕೇಳಿ: ‘ಉಡುಪಿಯವರು ಏನಾದರೂ ಹೇಳಲಿ ಮಾರಾಯ್ರೆ, ಗಡ್ಬಡ್ ಅಂದರೆ ಐಡಿಯಲ್’ ಎಂದು ಮಾತು ಮುಗಿಸುತ್ತಾರೆ. ಶಿಬರೂರು ಪ್ರಭಾಕರ ಕಾಮತರು ಮಂಗಳೂರಿನ ಮಾರ್ಕೆಟ್ ರಸ್ತೆಯಲ್ಲಿ ಐಡಿಯಲ್ ಐಸ್‌ಕ್ರೀಂ ಪಾರ್ಲರ್ ತೆರೆದದ್ದು 1975ರ ಮೇ ತಿಂಗಳಲ್ಲಿ. ಕರಾವಳಿಯ ಮೇ ಬಲ್ಲವರಿಗೆ ಆ ಲೆಕ್ಕಾಚಾರವನ್ನು ಬಿಡಿಸಿ ಹೇಳಬೇಕಾಗಿಲ್ಲ. ಮುಂದೆ ಮಂಗಳೂರಿನದೇ ಲಾಲ್‌ಬಾಗಿನಲ್ಲಿ ಅದೇ ಮನೆಯವರ ಪಬ್ಬಾಸ್ ಪಾರ್ಲರ್ ಬಂತು. ಪ್ರಭಾಕರ ಎಂಬ ಹೆಸರನ್ನು ಮನೆಯವರು, ಗೆಳೆಯರು ಚುಟುಕಾಗಿಸಿ ಕರೆದದ್ದೇ ಪಬ್ಬಾ. ಗಡ್ಬಡನ್ನು ಹುಟ್ಟಿಸಿದವರು ಯಾರೇ ಇರಲಿ, ಊರೂರಿಗೆ ಅದರ ಹೆಸರು ಮುಟ್ಟಿಸಿದ್ದರಲ್ಲಿ ಈ ಎರಡು ವಿಳಾಸಗಳ ಪಾಲು ದೊಡ್ಡದು.

ಇಂಥ ಜಗಳ ನಮ್ಮದೊಂದೇ ಅಲ್ಲ. ಅಮೆರಿಕದಲ್ಲಿ ಐಸ್‌ಕ್ರೀಮಿನ ಮೇಲೆ ಸಿರಪ್ ಸುರಿದು ಕೊಡುವ ಸಂಡೆಗಾಗಿ ವಿಸ್ಕಾನ್ಸಿನ್ ರಾಜ್ಯದ ಟೂ ರಿವರ್ಸ್ ಮತ್ತು ನ್ಯೂಯಾರ್ಕ್ ರಾಜ್ಯದ ಇಥಾಕಾ ಊರುಗಳು ಇಂದಿಗೂ ಮಾತಿಗೆ ಮಾತು ಬೆಳೆಸುತ್ತವೆ. ಟೂ ರಿವರ್ಸಿನವರು 1881 ಎನ್ನುತ್ತಾರೆ. ಇಥಾಕಾದವರು 1892ರ ಏಪ್ರಿಲ್ ತಿಂಗಳ ಪತ್ರಿಕೆಯಲ್ಲಿ ಅಚ್ಚಾದ ‘ಚೆರ್ರಿ ಸಂಡೆ’ ಜಾಹೀರಾತನ್ನೇ ತೆಗೆದು ತೋರಿಸುತ್ತಾರೆ. ಪತ್ರಿಕೆಯಲ್ಲಿ ನಾಲ್ಕು ಸಾಲು ಜಾಹೀರಾತು ಕೊಡುವ ಬುದ್ಧಿ ನಮ್ಮ ಹೋಟೆಲಿನವರಿಗೆ ಅಂದೇ ಬಂದಿದ್ದರೆ ಉಡುಪಿ–ಮಂಗಳೂರಿನ ವ್ಯಾಜ್ಯ ಎಂದೋ ತೀರಿರುತ್ತಿತ್ತು. ತೀರದಿದ್ದದ್ದೇ ಒಳ್ಳೆಯದಾಯಿತು ಎನ್ನಿ.

ಅವಸರದ ಕತೆ ಚೆಂದವಿದೆ, ಆದರೆ ಅದೊಂದನ್ನೇ ನಂಬಲು ನನಗೆ ಮನಸ್ಸಿಲ್ಲ. ಅವಸರದಲ್ಲಿ ಕೈಗೆ ಸಿಗುವುದು ಮೊದಲೇ ಅಡುಗೆಮನೆಯಲ್ಲಿ ಇರುವಂಥದ್ದು ತಾನೆ? ನಮ್ಮ ಹೋಟೆಲುಗಳ ಹಳೆಯ ತಿಂಡಿಪಟ್ಟಿಯ ಕೊನೆಯ ಸಾಲುಗಳನ್ನು ನೆನಪು ಮಾಡಿಕೊಳ್ಳಿ. ‘ಫ್ರೂಟ್ ಸಲಾಡ್’, ಅದರ ಕೆಳಗೆ ‘ಫ್ರೂಟ್ ಸಲಾಡ್ ವಿತ್ ಐಸ್‌ಕ್ರೀಂ’, ಅದರ ಕೆಳಗೆ ‘ಫಲೂದ’. ಹೆಚ್ಚಿಟ್ಟ ಬಾಳೆ, ಪಪ್ಪಾಯಿ, ಸೇಬು ಫ್ರೂಟ್ ಸಲಾಡಿಗೆಂದು ಬೆಳಿಗ್ಗೆಯೇ ಸಿದ್ಧವಾಗಿರುತ್ತಿತ್ತು. ಉದ್ದ ಲೋಟ, ಉದ್ದ ಚಮಚ, ಒಂದರ ಮೇಲೊಂದು ಪದರ ಕಟ್ಟುವ ಕ್ರಮ ಫಲೂದದ್ದು. ಫಲೂದ ಪರ್ಷಿಯಾದಿಂದ ಬಂದು ಮುಂಬಯಿಯ ಇರಾನಿ ಹೋಟೆಲುಗಳಲ್ಲಿ ನೆಲೆ ಕಂಡದ್ದು. ಮುಂಬಯಿಗೆ ಹೋಟೆಲ್ ಕೆಲಸಕ್ಕೆ ಹೋಗಿಬರುವುದು ನಮ್ಮ ಕರಾವಳಿಯವರಿಗೆ ಪಕ್ಕದ ಪೇಟೆಗೆ ಹೋಗಿಬಂದಷ್ಟೇ ಸಲೀಸು. ಗೋಡಂಬಿಗಂತೂ ಮಂಗಳೂರಿನಲ್ಲಿ ಬರವಿಲ್ಲ. ಫ್ರೂಟ್ ಸಲಾಡು ತಾಯಿ, ಫಲೂದ ತಂದೆ. ಆ ಗಡಿಬಿಡಿಯ ದಿನ ನಡೆದದ್ದು ನಾಮಕರಣ ಮಾತ್ರ ಎಂದು ನನ್ನ ತೀರ್ಮಾನ.

ಗಡ್ಬಡ್ ಲೋಟಗಳೊಳಗೆ ಏನೇನಿರುತ್ತದೆ ಎಂದು ಇನ್ನೊಮ್ಮೆ ಬಗ್ಗಿ ನೋಡಿ. ಪಪ್ಪಾಯಿ, ಅನಾನಸು, ಗೋಡಂಬಿ ಮೂರೂ ಅಮೆರಿಕ ಖಂಡಗಳ ಮೂಲದವು, ಪೋರ್ಚುಗೀಸರ ಹಡಗುಗಳ ಕಾಲದಲ್ಲಿ ನಮ್ಮ ಕಡಲತೀರ ಕಂಡವು. ಬಣ್ಣಬಣ್ಣದ ಟೂಟಿ ಫ್ರೂಟಿಯ ಹೆಸರು ಇಟಲಿಯದು, ಒಳಗಿರುವುದು ಸಕ್ಕರೆ ಪಾಕದಲ್ಲಿ ನೆನೆದ ಪಪ್ಪಾಯಿ ಕಾಯಿ. ವೆನಿಲಾ ಮೆಕ್ಸಿಕೋದ ಬಳ್ಳಿ, ಅದೊಂದು ಆರ್ಕಿಡ್. ಅದರ ಹೂವಿಗೆ ಕೈಯಿಂದಲೇ ಪರಾಗ ಮುಟ್ಟಿಸಬಹುದು ಎಂಬ ಸುಲಭದ ಉಪಾಯವನ್ನು 1841ರಲ್ಲಿ ಕಂಡುಹಿಡಿದವನು ರಿಯೂನಿಯನ್ ದ್ವೀಪದಲ್ಲಿ ಗುಲಾಮನಾಗಿದ್ದ, ಹನ್ನೆರಡರ ಪ್ರಾಯದ ಹುಡುಗ ಎಡ್ಮಂಡ್ ಆಲ್ಬಿಯಸ್. ಇಂದಿಗೂ ತೋಟಗಳಲ್ಲಿ ಅದೇ ಉಪಾಯ.

ವೆನಿಲಾ ಎಂದೊಡನೆ ದಕ್ಷಿಣ ಕನ್ನಡ, ಮಲೆನಾಡಿನ ಕೃಷಿಕರು ನಿಟ್ಟುಸಿರು ಬಿಡುತ್ತಾರೆ. ಮಡಗಾಸ್ಕರ್‌ನಲ್ಲಿ 2000ದಲ್ಲಿ ಚಂಡಮಾರುತಕ್ಕೆ ತೋಟಗಳು ನೆಲಕಚ್ಚಿ ಜಗತ್ತಿನ ಪೇಟೆಯಲ್ಲಿ ಬೆಲೆ ಏರಿತ್ತು. ಇಲ್ಲಿ ಅಡಿಕೆ ಮರಗಳ ನಡುವೆ ಗ್ಲಿರಿಸೀಡಿಯಾ ಗೂಟ ನೆಟ್ಟು ವೆನಿಲಾ ಹಬ್ಬಿಸಿದರು. ಬೆಳಗಿನ ಹೊತ್ತು ಮನೆಮಂದಿಯೆಲ್ಲ ಕಡ್ಡಿ ಹಿಡಿದು ಹೂವಿನಿಂದ ಹೂವಿಗೆ ಓಡುವುದು. ಆ ಹೂ ಅರಳುವುದು ಒಂದೇ ದಿನ, ಮಧ್ಯಾಹ್ನ ದಾಟಿದರೆ ಕೆಲಸ ಕೆಟ್ಟಿತು. ಹಸಿ ಕೋಡಿಗೆ ಕಿಲೋ ಒಂದಕ್ಕೆ ಸಾವಿರಗಟ್ಟಲೆ ರೂಪಾಯಿ ಸಿಗತೊಡಗಿದಾಗ ಕಳ್ಳರ ಭಯಕ್ಕೆ ತೋಟದಲ್ಲಿ ರಾತ್ರಿ ಕಾವಲು ಕೂತರು. 2004ರಿಂದೀಚೆ ಬೆಲೆ ಬಿದ್ದ ರಭಸಕ್ಕೆ ಬಳ್ಳಿಗಳನ್ನು ಕಿತ್ತೆಸೆದವರೂ ಇದ್ದಾರೆ. ಇಷ್ಟೆಲ್ಲ ಆದರೂ ಪೇಟೆಯ ವೆನಿಲಾ ಐಸ್‌ಕ್ರೀಮಿನ ಬಹುಪಾಲಿನ ಪರಿಮಳ ಬರುವುದು ಕಾರ್ಖಾನೆಯ ವೆನಿಲಿನ್‌ನಿಂದ. ಕೋಡು ಬೆಳೆದವರ ಲೋಟಕ್ಕೆ ಕೋಡು ಬಂದದ್ದು ಕಡಿಮೆ.

ನನ್ನ ಬಾಲ್ಯದ ಐಸಿಗೆ ಇಷ್ಟು ವಂಶಾವಳಿ ಇರಲಿಲ್ಲ. ಸೈಕಲ್ಲಿನ ಕ್ಯಾರಿಯರಿಗೆ ಮರದ ಪೆಟ್ಟಿಗೆ ಕಟ್ಟಿಕೊಂಡು ‘ಪೋಂ ಪೋಂ’ ಎಂದು ರಬ್ಬರಿನ ಹಾರ್ನ್ ಒತ್ತುತ್ತ ಬರುವವನ ಬೆಲ್ಲದ ಕ್ಯಾಂಡಿ ಅದು. ನಾಲ್ಕು ಸಲ ಚೀಪಿದರೆ ಬೆಲ್ಲವೆಲ್ಲ ಹೊಟ್ಟೆಗೆ ಹೋಗಿ ಕಡ್ಡಿಯಲ್ಲಿ ಬಿಳಿ ಮಂಜುಗಡ್ಡೆ ಉಳಿಯುತ್ತಿತ್ತು. ಮೀನಿಗೆ ಬೇಕಾದ ಐಸ್ ಮಾಡುವ ತಂತ್ರವೂ ಕ್ಯಾಂಡಿಯ ತಂತ್ರವೂ ಒಂದೇ: ಉಪ್ಪುನೀರನ್ನು ಸೊನ್ನೆಗಿಂತ ಎಷ್ಟೋ ಕೆಳಕ್ಕೆ ತಣಿಸಿದರೂ ಅದು ಗಟ್ಟಿಯಾಗುವುದಿಲ್ಲ; ಆ ತೊಟ್ಟಿಯಲ್ಲಿ ಸಿಹಿನೀರಿನ ಡಬ್ಬ ಮುಳುಗಿಸಿದರೆ ಡಬ್ಬದೊಳಗಿನ ನೀರು ಗಟ್ಟಿಯಾಗುತ್ತದೆ. ದೊಡ್ಡ ಡಬ್ಬಕ್ಕೆ ಮೀನಿನ ಐಸು, ಸಣ್ಣ ಅಚ್ಚಿಗೆ ಮಕ್ಕಳ ಕ್ಯಾಂಡಿ. ಅಮ್ಮ ‘ಅದು ಚರಂಡಿ ನೀರು’ ಎಂದು ಹೆದರಿಸುತ್ತಿದ್ದಳು. ನಾವು ಹೆದರುತ್ತಲೇ ಚೀಪುತ್ತಿದ್ದೆವು.

ಗಡ್ಬಡ್ ಸಿಗುತ್ತಿದ್ದದ್ದು ವರ್ಷಕ್ಕೊಮ್ಮೆ, ದೊಡ್ಡ ಪರೀಕ್ಷೆ ಮುಗಿದ ದಿನ. ಮನೆಯಲ್ಲಿ ಫ್ರಿಜ್ ಇರಲಿಲ್ಲ. ಐಸ್‌ಕ್ರೀಂ ಬೇಕಿದ್ದರೆ ಬಸ್ ಹತ್ತಿ ಪೇಟೆಗೆ ಹೋಗಬೇಕು. ಅಪ್ಪ ಪಾರ್ಲರಿನಲ್ಲಿ ಕೂತು, ನಮ್ಮಿಬ್ಬರನ್ನು ನೋಡಿ, ಕಿಸೆಯನ್ನು ನೋಡಿಕೊಂಡು, ‘ಒಂದು ಗಡ್ಬಡ್, ಎರಡು ಚಮಚ’ ಎನ್ನುತ್ತಿದ್ದರು. ತಮಗೊಂದು ಚಹಾ. ಲೋಟದ ನಡುವೆ ತಂಗಿಯೂ ನಾನೂ ಕಣ್ಣಿನಲ್ಲೇ ಗಡಿ ಹಾಕಿಕೊಳ್ಳುತ್ತಿದ್ದೆವು. ಚೆರ್ರಿ ಒಂದೇ ಇರುತ್ತಿತ್ತಾದ್ದರಿಂದ ಅದರ ನ್ಯಾಯ ತೀರ್ಮಾನ ಅಪ್ಪನದು. ಹೋದ ವರ್ಷ ಯಾರು ತಿಂದದ್ದು ಎಂಬುದು ಅವರಿಗೆ ನೆನಪಿರುತ್ತಿತ್ತು.

ದೊಡ್ಡವನಾದ ಮೇಲೆ, ಮನೆಗೆ ಫ್ರಿಜ್ ಬಂದ ಮೇಲೆ, ಗಡ್ಬಡನ್ನು ಮನೆಯಲ್ಲೇ ಮಾಡುತ್ತೇನೆಂದು ಹೊರಟೆ. ಎರಡು ಸಲ ಕೆಡಿಸಿದೆ. ಮೊದಲನೆಯ ಸಲ ಪ್ಯಾಕೆಟಿನ ಜೆಲಾಟಿನ್ ಜೆಲ್ಲಿಗೆ ಹಸಿ ಅನಾನಸಿನ ಚೂರು ಹಾಕಿಟ್ಟೆ. ರಾತ್ರಿಯಿಡೀ ಫ್ರಿಜ್ಜಿನಲ್ಲಿದ್ದರೂ ಬೆಳಿಗ್ಗೆ ಅದು ಶರಬತ್ತಾಗಿಯೇ ಇತ್ತು. ಅನಾನಸಿನಲ್ಲಿರುವ ಬ್ರೊಮೆಲಿನ್ ಎಂಬ ಕಿಣ್ವ ಜೆಲಾಟಿನ್ನಿನ ಪ್ರೋಟೀನನ್ನು ಕತ್ತರಿಸಿಬಿಡುತ್ತದೆ, ಗಟ್ಟಿಯಾಗಲು ಬಿಡುವುದೇ ಇಲ್ಲ. ಹಣ್ಣನ್ನು ಕುದಿಸಿದರೆ ಆ ಕಿಣ್ವ ಸಾಯುತ್ತದೆ ಎಂಬುದು ಆಮೇಲೆ ಗೊತ್ತಾಯಿತು. ಪಕ್ಕದ ಮನೆಯ ಅತ್ತೆ ಕೇಳಿ ನಕ್ಕರು. ‘ಚೈನಾ ಗ್ರಾಸ್ ಹಾಕುದಲ್ವಾ ಮಾರಾಯಾ? ಜೆಲಾಟಿನ್ ಎಂತಕ್ಕೆ?’

ಅತ್ತೆ ಹೇಳಿದ್ದರಲ್ಲಿ ಕರಾವಳಿಯ ಜೆಲ್ಲಿಯ ಗುಟ್ಟೇ ಇದೆ. ಜೆಲಾಟಿನ್ ಪ್ರಾಣಿಗಳ ಚರ್ಮ, ಮೂಳೆಯಿಂದ ಬರುವುದಾದ್ದರಿಂದ ಸಸ್ಯಾಹಾರಿ ಹೋಟೆಲಿನ ಒಳಗೆ ಅದಕ್ಕೆ ಪ್ರವೇಶವಿಲ್ಲ. ಇದ್ದರೂ ಮೇ ತಿಂಗಳಲ್ಲಿ ಅದು ತಾಳುವುದು ಕಷ್ಟ, ಮೈಬಿಸಿಯಷ್ಟು ಶಾಖಕ್ಕೇ ಕರಗುತ್ತದೆ. ಚೈನಾ ಗ್ರಾಸ್ ಕಡಲಕಳೆಯಿಂದ ತೆಗೆದದ್ದು. ಕುದಿಸಿ ಇಳಿಸಿದರೆ 40 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಬರುವಾಗ ಫ್ರಿಜ್ಜಿನ ಹಂಗಿಲ್ಲದೆ ಗಟ್ಟಿಯಾಗುತ್ತದೆ, ಮತ್ತೆ ಕರಗಬೇಕಾದರೆ 85 ಡಿಗ್ರಿಯವರೆಗೆ ಕಾಯಬೇಕು. ಕರೆಂಟು ಹೋದರೂ ಕೌಂಟರಿನ ಟ್ರೇಯಲ್ಲಿ ಚೌಕ ಚೌಕವಾಗಿ ಕೂತಿರುವ ಜೆಲ್ಲಿ ಇದೇ.

ಎರಡನೆಯ ಸಲ ಜೆಲ್ಲಿ ಸರಿಯಾಯಿತು, ನನ್ನ ಬುದ್ಧಿ ಕೈಕೊಟ್ಟಿತು. ನೆಂಟರು ಸಂಜೆ ಬರುತ್ತಾರೆಂದು ಬೆಳಿಗ್ಗೆಯೇ ಆರು ಲೋಟ ಗಡ್ಬಡ್ ಕಟ್ಟಿ ಫ್ರೀಜರಿಗೆ ತಳ್ಳಿದೆ. ಸಂಜೆ ತೆಗೆದಾಗ ಸೇಬು ಕಲ್ಲಾಗಿತ್ತು, ದಾಳಿಂಬೆ ಕಾಳು ಗುಂಡಿನಂತಿತ್ತು. ಕರಗಲು ಬಿಟ್ಟರೆ ಜೆಲ್ಲಿ ಸ್ಪಂಜಿನ ಹಾಗೆ ನೀರು ಬಿಟ್ಟಿತು. ಹಣ್ಣಿನಲ್ಲಿ ಹೆಚ್ಚಿನಂಶ ನೀರೇ. ಫ್ರೀಜರಿನಲ್ಲಿ ಆ ನೀರು ಹರಳುಗಟ್ಟಿ ಹಣ್ಣಿನ ಕೋಶಗಳನ್ನು ಹರಿಯುತ್ತದೆ, ಜೆಲ್ಲಿಯ ಬಲೆಯನ್ನೂ ಬಿಡುವುದಿಲ್ಲ. ಟೂಟಿ ಫ್ರೂಟಿ ಮಾತ್ರ ಮೆತ್ತಗೇ ಇತ್ತು, ಅದರೊಳಗಿನ ಸಕ್ಕರೆ ನೀರನ್ನು ಗಟ್ಟಿಯಾಗಲು ಬಿಡದು. ಅಂಗಡಿ ಫ್ರಿಜ್ಜಿನ ‘ಗಡ್ಬಡ್’ ಕಪ್ಪುಗಳಲ್ಲಿ ತಾಜಾ ಬಾಳೆಹಣ್ಣಿನ ಬದಲು ಟೂಟಿ ಫ್ರೂಟಿ, ಗೋಡಂಬಿ, ಒಣದ್ರಾಕ್ಷಿ ಇರುವುದು ಇದಕ್ಕೇ. ಕಪ್ಪಿನದು ಗಡ್ಬಡಿನ ರುಚಿಯ ಐಸ್‌ಕ್ರೀಂ ಇರಬಹುದು. ಗಡ್ಬಡ್ ಎನ್ನಲು ನನಗೆ ಬಾಯಿ ಬರುವುದಿಲ್ಲ.

ಐಸ್‌ಕ್ರೀಮಿನ ಹೆಸರಿನಲ್ಲಿ ಕರಾವಳಿಯವರು ಊರು ಬಿಟ್ಟು ಗೆದ್ದದ್ದೂ ಉಂಟು. ದಕ್ಷಿಣ ಕನ್ನಡದ ಹಣ್ಣಿನ ವ್ಯಾಪಾರಿಯ ಮಗ ರಘುನಂದನ ಕಾಮತರು 1984ರಲ್ಲಿ ಮುಂಬಯಿಯ ಜುಹುವಿನಲ್ಲಿ ನ್ಯಾಚುರಲ್ಸ್ ತೆರೆದರು. ಬರೀ ಐಸ್‌ಕ್ರೀಮಿಗೆ ಜನ ಬರುತ್ತಾರೋ ಇಲ್ಲವೋ ಎಂದು ಮೊದಮೊದಲು ಪಾವ್ ಭಾಜಿಯನ್ನೂ ಮಾರಿದರು. ಖಾರಕ್ಕೆ ಬಾಯಿ ಉರಿದವರು ತಣ್ಣಗಿನದನ್ನು ಕೇಳದೆ ಹೋಗುವುದಿಲ್ಲವಲ್ಲ! ಹಣ್ಣು ಮುಟ್ಟಿ ಹದ ಹೇಳುವುದನ್ನು ಅಪ್ಪನಿಂದ ಕಲಿತಿದ್ದ ಅವರು ಎಳನೀರಿನ ಗಂಜಿ, ಹಲಸು, ಸೀತಾಫಲವನ್ನು ಐಸ್‌ಕ್ರೀಂ ಮಾಡಿದರು. 2024ರ ಮೇ ತಿಂಗಳಲ್ಲಿ ತೀರಿಕೊಂಡರು. 2003ರಲ್ಲಿ ಶುರುವಾದ ಹಾಂಗ್ಯೊ ಕಂಪನಿಯ ಹೆಸರಿನಲ್ಲಿ ಕೊಂಕಣಿಯ ಕರೆಯೇ ಇದೆ: ‘ಹಾಂಗಾ ಯೋ’, ಇಲ್ಲಿ ಬಾ. ಬೆಂಗಳೂರಿನವರಿಗೆ ಇಂಥದೇ ಹೆಮ್ಮೆ 1982ರಲ್ಲಿ ಶುರುವಾದ ಕಾರ್ನರ್ ಹೌಸಿನ ‘ಡೆತ್ ಬೈ ಚಾಕೊಲೇಟ್’. ಕೇಕು, ಐಸ್‌ಕ್ರೀಂ, ಬಿಸಿ ಚಾಕೊಲೇಟು, ಕಡಲೆಬೀಜ. ಅದರ ಹೆಸರಲ್ಲಿ ಸಾವಿದೆ, ನಮ್ಮದರ ಹೆಸರಲ್ಲಿ ಬರೀ ಗಡಿಬಿಡಿ. ಘಟ್ಟ ಹತ್ತಿದ ಗಡ್ಬಡ್ ಹುಬ್ಬಳ್ಳಿ, ದಾವಣಗೆರೆ, ಕಲಬುರಗಿಯ ಪಾರ್ಲರುಗಳಲ್ಲೂ ಕೂತಿದೆ; ಊರಿಗೊಂದು ವೇಷ. ಒಂದು ಕಡೆ ಶ್ಯಾವಿಗೆ ಸೇರಿರುತ್ತದೆ, ಇನ್ನೊಂದು ಕಡೆ ಗುಲ್ಕಂದ. ಯಾರೂ ಕೇಸು ಹಾಕಿಲ್ಲ. ಹೆಸರೇ ಗಡ್ಬಡ್ ಎಂದಮೇಲೆ ತಪ್ಪು ಮಾಡಿದಿರಿ ಎಂದು ಹೇಳುವುದಾದರೂ ಹೇಗೆ?

ತಿನ್ನುವ ಕ್ರಮದಲ್ಲಿ ಮಾತ್ರ ಎರಡು ಪಂಗಡ ಕಂಡಿದ್ದೇನೆ. ಕಲಸುವವರು ಲೋಟ ಬಂದೊಡನೆ ಚಮಚವನ್ನು ತಳದವರೆಗೆ ಇಳಿಸಿ, ಮೊಸರು ಕಡೆದಂತೆ ತಿರುಗಿಸಿ ಎಲ್ಲವನ್ನೂ ಒಂದೇ ಬಣ್ಣಕ್ಕೆ ತರುತ್ತಾರೆ. ಬಾವಿ ತೋಡುವವರು ಲೋಟದ ಒಂದು ಬದಿಯಿಂದ ಕೊರೆಯುತ್ತ ಹೋಗಿ, ಪ್ರತಿ ಚಮಚಕ್ಕೂ ಒಂದಿಷ್ಟು ಹಣ್ಣು, ಒಂದಿಷ್ಟು ಐಸ್‌ಕ್ರೀಂ, ಒಂದು ಗೋಡಂಬಿ ಬರುವಂತೆ ಲೆಕ್ಕ ಇಡುತ್ತಾರೆ. ನಾನು ತೋಡುವವರ ಪೈಕಿ. ತಂಗಿ ಕಲಸುವವಳು, ಒಂದೇ ಲೋಟದಲ್ಲಿ ಎರಡು ಪಂಗಡ ಸೇರಿದ್ದರಿಂದಲೇ ನಮ್ಮ ಅರ್ಧ ಜಗಳ. ತೋಡುವವರಿಗೆ ಕೊನೆಯಲ್ಲೊಂದು ಬಹುಮಾನವಿದೆ. ನಾಲಿಗೆ ಕೊರೆಯುವ ತಣ್ಪಿನಲ್ಲಿ ಸಿಹಿಯನ್ನು ಸರಿಯಾಗಿ ಹಿಡಿಯುವುದಿಲ್ಲ, ಹಾಗಾಗಿ ಐಸ್‌ಕ್ರೀಮಿಗೆ ಸಕ್ಕರೆ ಜಾಸ್ತಿಯೇ ಹಾಕಿರುತ್ತಾರೆ. ಕರಗಿ ತಳ ಸೇರಿದ್ದು ಜೆಲ್ಲಿಯೊಂದಿಗೆ ಬಾಯಿಗೆ ಬರುವಾಗ ಆ ಸಿಹಿ ಒಮ್ಮೆಲೇ ತೆರೆದುಕೊಳ್ಳುತ್ತದೆ. ಕಲಸಿದವರು ಈ ಹೊತ್ತಿಗೆ ಬಿಲ್ಲು ಕೇಳಿರುತ್ತಾರೆ.

ಈ ಬೇಸಿಗೆಯಲ್ಲಿ ಮನೆಯಲ್ಲಿ ಮಾಡುವವರಿಗೆ ನನ್ನ ಕೆಟ್ಟ ಅನುಭವದ ನಾಲ್ಕು ಮಾತು. ಡಬ್ಬದ ಮೇಲೆ ‘ಐಸ್‌ಕ್ರೀಂ’ ಎಂದಿದೆಯೋ ‘ಫ್ರೋಜನ್ ಡೆಸರ್ಟ್’ ಎಂದಿದೆಯೋ ನೋಡಿ ತನ್ನಿ. ಮೊದಲನೆಯದರ ಜಿಡ್ಡು ಹಾಲಿನದು, ಎರಡನೆಯದರಲ್ಲಿ ಸಾಮಾನ್ಯವಾಗಿ ಸಸ್ಯದ ಎಣ್ಣೆ. ಆಹಾರ ಸುರಕ್ಷತಾ ಪ್ರಾಧಿಕಾರದ ಲೆಕ್ಕದಲ್ಲಿ ಪೂರ್ಣ ಐಸ್‌ಕ್ರೀಮಿಗೆ ಕನಿಷ್ಠ ಶೇ 10ರಷ್ಟು ಹಾಲಿನ ಕೊಬ್ಬು ಬೇಕು, ಒಂದು ಲೀಟರ್ ಕನಿಷ್ಠ 525 ಗ್ರಾಂ ತೂಗಬೇಕು. ಉಳಿದದ್ದು ಗಾಳಿ, ಅದಕ್ಕೂ ದುಡ್ಡು ಕೊಟ್ಟಿರುತ್ತೀರಿ. ಲೋಟವನ್ನು ಅರ್ಧ ಗಂಟೆ ಫ್ರೀಜರಿನಲ್ಲಿಡಿ, ಹಣ್ಣನ್ನು ಮಾತ್ರ ಕೆಳಗಿನ ಖಾನೆಯಲ್ಲಿ. ಜೆಲ್ಲಿ ಚೈನಾ ಗ್ರಾಸಿನದಿರಲಿ. ನೆಂಟರು ಬಂದು, ಚಪ್ಪಲಿ ಬಿಟ್ಟು, ಕೂತು, ಒಂದು ಲೋಟ ನೀರು ಕುಡಿದ ಮೇಲೆಯೇ ಲೋಟ ಕಟ್ಟಲು ಶುರುಮಾಡಿ.

ಪಾರ್ಲರಿಗೇ ಹೋಗುವವರಿಗೆ ಒಂದೇ ಮಾತು: ದಯವಿಟ್ಟು ಗಡ್ಬಡನ್ನು ಪಾರ್ಸೆಲ್ ಕೇಳಬೇಡಿ. ಕೌಂಟರಿನ ಹತ್ತಿರದ ಟೇಬಲ್ ಹಿಡಿದು ಕೂರಿ. ಜೊತೆಗೆ ಮಕ್ಕಳಿದ್ದರೆ ಎರಡು ಚೆರ್ರಿ ಹಾಕಲು ಹೇಳಿ.